ಶಲವಡಿಯ ಮಾಳಿಗೆಯಿಂದ ಐದು ಗೆಲಾಕ್ಸಿ

ನೇರವಾಗಿ ದಿಟ್ಟಿಸಿದರೆ ಕಾಣದ್ದು ಓರೆಗಣ್ಣಿಗೆ ಕಾಣುತ್ತದೆ ಎಂಬುದನ್ನು ನಾನು ಓಣಿಯ ಹೆಂಗಸರಿಂದಲೇ ಕಲಿಯಬಹುದಿತ್ತು. ಆದರೆ ಕಲಿತದ್ದು ದೂರದರ್ಶಕದಿಂದ. ಮಸುಕಾದ ಗೆಲಾಕ್ಸಿಯನ್ನು ನೆಟ್ಟು ನೋಡಿದರೆ ಮಾಯವಾಗುತ್ತದೆ. ಸ್ವಲ್ಪ ಪಕ್ಕಕ್ಕೆ ನೋಡಿದಿರೋ, ಮೆಲ್ಲಗೆ ಬಂದು ನಿಲ್ಲುತ್ತದೆ. ಕತ್ತಲಲ್ಲಿ ಕಣ್ಣಿನ ಪರದೆಯ ನಡುವಿಗಿಂತ ಅಂಚೇ ಚುರುಕು.

ಇದನ್ನು ಹೇಳಿಕೊಟ್ಟವರು ನೀಲಕ್ಕ. ಅಣ್ಣಿಗೇರಿಯ ಶಾಲೆಯಲ್ಲಿ ಅವರು ಗಣಿತದ ಟೀಚರು, ನಾನು ವಿಜ್ಞಾನದವಳು. ನಿವೃತ್ತಿಯಾದ ಮೇಲೆ ಇಬ್ಬರೂ ಸೇರಿ ದೊಡ್ಡ ದೂರದರ್ಶಕ ಕೊಂಡು, ಶಲವಡಿಯಲ್ಲಿ ಅವರ ಹೊಲದ ಮನೆಯ ಮಾಳಿಗೆಯ ಮೇಲಿಟ್ಟೆವು. ಬಳೆ ಮಾಡಿಸಿಕೊಳ್ಳುವುದು ಬಿಟ್ಟು ಕೊಳವೆ ತಂದರೆಂದು ಬೀಗರು ನಕ್ಕರು.

ನೀಲಕ್ಕನಿಗೆ ಒಂದೇ ಹಂಬಲ: ಪೆಗಾಸಸ್ ನಕ್ಷತ್ರಪುಂಜದಲ್ಲಿ ಒತ್ತೊತ್ತಾಗಿ ಕಾಣುವ ಐದು ಗೆಲಾಕ್ಸಿಗಳನ್ನು ನೋಡಬೇಕು. ನಾಲ್ಕು ಒಂದನ್ನೊಂದು ಜಗ್ಗಾಡಿ ನಕ್ಷತ್ರಗಳನ್ನು ಬಾಲದಂತೆ ಹೊರಚೆಲ್ಲಿವೆ. ಐದನೆಯದಕ್ಕೆ ಆ ಜಗಳವೇ ಗೊತ್ತಿಲ್ಲ. ಅದು ನಮಗೆ ಬಹಳ ಹತ್ತಿರ. ಅಡ್ಡ ನಿಂತು ಗುಂಪಿನವರಂತೆ ಕಾಣುತ್ತದೆ. ಮದುವೆಯ ಫೋಟೊದಲ್ಲಿ ಇಂಥವರೊಬ್ಬರು ಇದ್ದೇ ಇರುತ್ತಾರೆ.

ಮಳೆ ನಿಂತು ಧೂಳು ಅಡಗಿದ ಒಂದು ರಾತ್ರಿ ಅವು ನನಗೆ ಸಿಕ್ಕವು.

"ನೀಲಕ್ಕಾ, ಜಲ್ದಿ ಬರ್ರಿ!"

ಅವರು ಬಹಳ ಹೊತ್ತು ಬಗ್ಗಿ ನೋಡಿದರು. "ಏನೂ ಕಾಣವಲ್ದು ಬೇ."

"ಬಾಜೂಕ ನೋಡ್ರಿ. ನೀವ ಕಲಿಸೀರಲ್ಲ."

"ಬಾಜೂಕ ನೋಡೀನಿ. ಬಾಜೂಕ ಬರೇ ಕತ್ತಲಿ ಐತಿ."

ಮಾಳಿಗೆ ಇಳಿಯುವಾಗ ಅವರು ಮೆಟ್ಟಿಲು ತಪ್ಪಿ ನನ್ನ ಹೆಗಲು ಹಿಡಿದರು. ಆಗ ಹೊಳೆಯಿತು: ಕೆಲವು ತಿಂಗಳಿಂದ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುತ್ತಿದ್ದರು, ವಯಸ್ಸೆಂದು ಇಬ್ಬರೂ ನಕ್ಕುಬಿಟ್ಟಿದ್ದೆವು.

ಹುಬ್ಬಳ್ಳಿಯ ಕಣ್ಣಿನ ವೈದ್ಯರು, ಪರದೆ ಅಂಚಿನಿಂದ ಸವೆಯುತ್ತಿದೆ, ಮರಳಿ ತರುವ ಔಷಧಿಯಿಲ್ಲ ಎಂದರು. ಬಸ್ಸು ಊರಿಗೆ ಹತ್ತಿರವಾದಾಗ ನೀಲಕ್ಕ ಹೇಳಿದರು: "ಐದನೇದಾದ್ರೂ ಕಾಣಬೇಕಿತ್ತು ನೋಡು. ಅದು ಹತ್ತಿರ ಇತ್ತಲ್ಲ."

ಆಮೇಲೆ ನಾನು ದೂರದರ್ಶಕಕ್ಕೆ ಚಾದರ ಹೊದಿಸಿದೆ. ಅವರ ಎದುರು ಕಣ್ಣಿಡುವುದೇ ಅಪರಾಧವೆನಿಸುತ್ತಿತ್ತು. ಮೊಣಕಾಲು ನೋವೆಂದು ನೆವ ಹೇಳುತ್ತ ಹೋದೆ. ಕೊನೆಗೆ ಅವರೇ ನನ್ನ ಮನೆಗೆ ಬಂದರು.

"ನಿನ್ನ ಮೊಣಕಾಲಿನ ಕಥಿ ಸಾಕು. ನಡಿ, ಹೋಗೂಣು. ನೀ ನೋಡಿ ಹೇಳು, ನಾ ಕೇಳ್ತೀನಿ."

ಹೋದೆವು. ಅವರನ್ನು ಕುರ್ಚಿಯಲ್ಲಿ ಕೂರಿಸಿ ನಾನು ಕಣ್ಣಿಟ್ಟು ಶುರುಮಾಡಿದೆ: ಉದ್ದನೆಯ ಬಾಲಗಳು, ಕೆಂಪು ನೀಲಿ ಬಣ್ಣಗಳು...

"ಫೋಟೋದಾಗಿಂದು ಹೇಳಬ್ಯಾಡ. ಕಂಡಷ್ಟ ಹೇಳು."

ನಾಚಿಕೆಯಾಯಿತು. "ಮೂರು ಮಬ್ಬು ಕಲೆ ಅದಾವ್ರಿ. ಉಸುರು ತಾಗಿದ ಕನ್ನಡಿ ಹಂಗ. ಒಮ್ಮೊಮ್ಮೆ ಅದೂ ಇಲ್ಲ."

"ಅಷ್ಟನ?"

"ಅಷ್ಟರಿ."

"ಹಂಗಾರ ನಾ ಭಾಳ ಏನೂ ಕಳಕೊಂಡಿಲ್ಲ ಬಿಡು," ಎಂದು ನೀಲಕ್ಕ ನಕ್ಕರು.

ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು. ನಿಜ ಹೇಳುವ ಕೆಲಸವನ್ನು ನನಗೆ ಕೊಟ್ಟು, ಸುಳ್ಳನ್ನು ಅವರು ತಮಗೇ ಇಟ್ಟುಕೊಂಡಿದ್ದರು.