ಗೆದ್ದ ದಿನ ಮಗ್ಗ ನಿಲ್ಲುತ್ತಿತ್ತು

ಕಳೆದ ವಾರ ರವಿಕೆ ತರಲು ಟೈಲರ್ ಅಂಗಡಿಗೆ ಹೋಗಿದ್ದೆ. ಹೇಳಿದ ದಿನಕ್ಕೆ ಹೊಲಿದುಕೊಡುವ ಟೈಲರ್ ಇನ್ನೂ ಹುಟ್ಟಿಲ್ಲವಾದ್ದರಿಂದ ಸ್ಟೂಲಿನ ಮೇಲೆ ಕಾಯುತ್ತ ಕೂತೆ. ಆಕೆ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟು, ಬಟ್ಟೆಯ ಚೂರಿನಿಂದ ಒರೆಸಿ, ಮತ್ತೆ ಹೊಲಿಯತೊಡಗಿದಳು. ಎಣ್ಣೆ ಮತ್ತು ಬಿಸಿಯಾದ ನೂಲು ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ದೊಡ್ಡಬಳ್ಳಾಪುರದ ನಮ್ಮ ಹಳೇ ಬೀದಿ ಕಣ್ಣ ಮುಂದೆ ಬಂದು ನಿಂತಿತು. ಅದರ ಹಿಂದೆಯೇ ದೊಡ್ಡಪ್ಪನೂ ಬಂದರು... ಬನಿಯನ್ ಮೇಲೆ ಎಣ್ಣೆಯ ಕಲೆ, ತಲೆ ತುಂಬ ನೂಲಿನ ಧೂಳು.

ದೊಡ್ಡಪ್ಪ ಎಂದರೆ ರಕ್ತಸಂಬಂಧವೇನಲ್ಲ. ನಮ್ಮದು ರಾಜಘಟ್ಟದ ಕಡೆಯ ಹೊಲ ಮಾಡುವ ಮನೆ. ನನ್ನ ಕಾಲೇಜಿಗೆಂದು ಅಪ್ಪ ಪೇಟೆಯಲ್ಲಿ ಬಾಡಿಗೆ ಮನೆ ಹಿಡಿದಾಗ ಸಿಕ್ಕಿದ್ದು ನೇಕಾರರ ಬೀದಿಯಲ್ಲಿ. ಎದುರುಮನೆಯಾಕೆಯನ್ನು ಅಮ್ಮ ಮೊದಲ ದಿನವೇ ಅಕ್ಕ ಎಂದು ಕರೆದಳು. ಹಾಗಾಗಿ ಆಕೆ ನನಗೆ ದೊಡ್ಡಮ್ಮ, ಅವರ ಗಂಡ ದೊಡ್ಡಪ್ಪ.

ಆ ಬೀದಿಯಲ್ಲಿ ಮನೆಗೊಂದು ಶೆಡ್ಡು, ಶೆಡ್ಡಿನ ತುಂಬ ಕರೆಂಟಿನ ಮಗ್ಗ. ಹಗಲು ರಾತ್ರಿ ಎನ್ನದೆ ಖಟಖಟ. ಮೊದಲ ವಾರ ನನ್ನ ತಲೆ ಸಿಡಿದುಹೋಗಿತ್ತು. ಆಮೇಲೆ ಹೇಗಾಯಿತೆಂದರೆ, ಸದ್ದು ನಿಂತರೆ ಎಚ್ಚರವಾಗುತ್ತಿತ್ತು. ಬೀದಿಯ ಹೆಂಗಸರಿಗಂತೂ ನಿಂತ ಸದ್ದಿನಲ್ಲೇ ಸುದ್ದಿ ತಿಳಿಯುತ್ತಿತ್ತು. ಎಲ್ಲ ಮಗ್ಗವೂ ಒಟ್ಟಿಗೆ ನಿಂತರೆ ಕರೆಂಟು ಹೋಯಿತೆಂದು ಅರ್ಥ. ಒಂದು ಮನೆಯದು ನಿಂತು, ಪಕ್ಕದ್ದು ನಿಂತು, ಹಾಗೇ ಒಂದೊಂದಾಗಿ ಬೀದಿಯ ಕೊನೆಯವರೆಗೆ ನಿಂತರೆ ಯಾರದೋ ಮನೆಯಲ್ಲಿ ಸಾವಾಗಿದೆ. ಹೆಣ ಎತ್ತುವವರೆಗೆ ಯಾರೂ ಮಗ್ಗ ಮುಟ್ಟುವುದಿಲ್ಲ. ಇದನ್ನು ಯಾರೂ ಕೂತು ಹೇಳಿಕೊಟ್ಟಿರಲಿಲ್ಲ, ಬಂದ ಕೆಲವೇ ತಿಂಗಳಲ್ಲಿ ನನಗೂ ಗೊತ್ತಾಗಿತ್ತು.

ಇವೆರಡನ್ನು ಬಿಟ್ಟು ಇನ್ನೊಂದಿತ್ತು. ದೊಡ್ಡಪ್ಪನ ಮನೆಯ ಮಗ್ಗ ಮಾತ್ರ ನಿಂತು, ಉಳಿದೆಲ್ಲ ಬಡಿಯುತ್ತಲೇ ಇದ್ದರೆ, ನಮ್ಮ ಕಾಲೇಜಿನ ಫುಟ್‌ಬಾಲ್ ಟೀಮು ಗೆದ್ದಿದೆ ಎಂದು ಅರ್ಥ. ಇದು ಅಪರೂಪ. ಸಾವು ಇದಕ್ಕಿಂತ ಎಷ್ಟೋ ಹೆಚ್ಚು ಸಲ ಆಗುತ್ತಿತ್ತು.

ಕಾಲೇಜಿನ ಮೈದಾನ ಅವರ ಶೆಡ್ಡಿನ ಹಿಂದಿನ ಗೋಡೆಗೆ ತಾಗಿಕೊಂಡೇ ಇತ್ತು. ಮೈದಾನ ಎಂದರೆ ಒಂದು ಕಡೆಗೆ ವಾಲಿದ, ಕಲ್ಲೆದ್ದ ನೆಲ. ಬೆಳಿಗ್ಗೆ ಅಲ್ಲಿ ಕಾರು ಕಲಿಯುವವರು ಸುತ್ತು ಹೊಡೆಯುತ್ತಿದ್ದರು, ಮಧ್ಯಾಹ್ನ ದನ ಮೇಯುತ್ತಿದ್ದವು. ದೊಡ್ಡಪ್ಪ ಓದು ಬಿಟ್ಟು ಮಗ್ಗಕ್ಕೆ ಕೂತದ್ದು ಮೀಸೆ ಮೂಡುವ ಮೊದಲೇ. ಹುಡುಗನಾಗಿದ್ದಾಗ ಗೋಡೆ ಹಾರಿ ಹೋಗಿ ಆಟ ನೋಡುತ್ತಿದ್ದರಂತೆ. ಒಂದು ದಿನ ಕಾಲೇಜಿನವರಿಗೆ ಆಳು ಕಡಿಮೆಯಾಗಿ ಇವರನ್ನೂ ಇಳಿಸಿದ್ದರು. "ಅದೇ ಕಣವ್ವ ನನ್ ಡಿಗ್ರಿ," ಎನ್ನುತ್ತಿದ್ದರು. ಕಾಲೇಜಿನ ಒಂದು ಕೊಠಡಿಯನ್ನೂ ಒಳಗಿನಿಂದ ನೋಡದವರು ಅದನ್ನು ನಮ್ಮ ಕಾಲೇಜು ಎಂದೇ ಕರೆಯುತ್ತಿದ್ದರು. ಅಲ್ಲೇ ಬಿ.ಕಾಂ. ಓದುತ್ತಿದ್ದ ನಾನು ಒಂದು ದಿನವೂ ಹಾಗೆ ಕರೆದವಳಲ್ಲ.

ಮಗ್ಗದ ಸದ್ದಿನಲ್ಲಿ ಬದುಕು ಕಳೆದು ಅವರ ಕಿವಿ ಹೆಚ್ಚೂಕಡಿಮೆ ಹೋಗಿತ್ತು. ಶೆಡ್ಡಿನೊಳಗೆ ಕೈಸನ್ನೆಯಲ್ಲೇ ಮಾತು, ಹೊರಗೆ ಬಂದರೆ ಊರಿಗೆಲ್ಲ ಕೇಳುವಷ್ಟು ದೊಡ್ಡ ಗಂಟಲು. ಫುಟ್‌ಬಾಲಿಗೆ ಕಣ್ಣಿದ್ದರೆ ಸಾಕು ಎಂಬುದು ಅವರ ವಾದ. ಆದರೆ ರೆಫರಿಯ ಸೀಟಿ ಕೇಳಿಸುತ್ತಿರಲಿಲ್ಲ. ನಮ್ಮವರ ಗೋಲು ಆಫ್‌ಸೈಡ್ ಎಂದು ರದ್ದಾದ ಮೇಲೂ ಒಬ್ಬರೇ ಕುಣಿಯುತ್ತಿರುವುದನ್ನು ನೋಡಲಾಗದೆ, ನಾನು ಪಕ್ಕದಲ್ಲಿ ನಿಂತು ಸೀಟಿ ಊದಿದಾಗಲೆಲ್ಲ ಅವರ ಮೊಣಕೈ ತಟ್ಟತೊಡಗಿದೆ. ಹಾಗೆ ತಟ್ಟುತ್ತ ತಟ್ಟುತ್ತ ನನಗೂ ಆ ಹುಚ್ಚು ಹತ್ತಿಕೊಂಡಿತು.

ನಮ್ಮ ಟೀಮಿನ ಬಗ್ಗೆ ಏನು ಹೇಳುವುದು... ಅರ್ಧ ಹುಡುಗರು ಸೋಂಪುರದ ಫ್ಯಾಕ್ಟರಿಗಳಲ್ಲಿ ರಾತ್ರಿ ಪಾಳಿ ಮುಗಿಸಿ ನೇರವಾಗಿ ಮೈದಾನಕ್ಕೆ ಬರುತ್ತಿದ್ದರು. ಗೋಲ್‌ಕೀಪರ್ ನಿಂತಲ್ಲೇ ತೂಕಡಿಸುತ್ತಿದ್ದ. ಬೆಂಗಳೂರಿನ ಕಾಲೇಜುಗಳವರು ಬಸ್ಸಿನಿಂದ ನೀರಿನ ಬಾಟಲಿಗಳ ಪೆಟ್ಟಿಗೆ ಇಳಿಸುವಾಗಲೇ ನಮ್ಮವರು ಅರ್ಧ ಸೋತಿರುತ್ತಿದ್ದರು. ಉಳಿದರ್ಧ ಆಟ ಶುರುವಾದ ಮೇಲೆ.

ಸೋಲುವ ಟೀಮಿನ ಹಿಂದೆ ಹೋದವರಿಗೆ ಸಂತೋಷವನ್ನು ಹೆಕ್ಕಿಕೊಳ್ಳುವ ಕಲೆ ಗೊತ್ತಿರಬೇಕು. ದೊಡ್ಡಪ್ಪನಿಗೆ ಅದು ಗೊತ್ತಿತ್ತು. ನಮಗೊಂದು ಕಾರ್ನರ್ ಸಿಕ್ಕರೆ ಕಡಲೆಕಾಯಿ ಹಂಚುತ್ತಿದ್ದರು. ಆಟ ಸಮವಾದರೆ ಮನೆಗೆ ಬಂದು ತಮ್ಮ ನಾಲ್ಕು ಮಗ್ಗದಲ್ಲಿ ಎರಡನ್ನು ನಿಲ್ಲಿಸುತ್ತಿದ್ದರು. ಗೆದ್ದರೆ ಮೇನ್ ಸ್ವಿಚ್ಚನ್ನೇ ಎಳೆದುಬಿಡುತ್ತಿದ್ದರು. ಹುಡುಗರಿಗೂ ಇದು ತಿಳಿದು, ಗೋಲು ಹೊಡೆದವನು ಗೋಡೆಯ ಕಡೆ ಓಡಿಬಂದು, ಕೈ ಮೇಲೆತ್ತಿ ಸ್ವಿಚ್ ಎಳೆದಂತೆ ಮಾಡುತ್ತಿದ್ದ. ಇವರು ಅತ್ತಲಿಂದ ಅದೇ ಸನ್ನೆ ಮಾಡುತ್ತಿದ್ದರು.

ನಾನು ಕಂಡ ಗೆಲುವುಗಳಲ್ಲಿ ಒಂದು ಇನ್ನೂ ಕಣ್ಣಿಗೆ ಕಟ್ಟಿದೆ. ನೆಲಮಂಗಲದ ಕಡೆಯ ಕಾಲೇಜಿನ ಮೇಲೆ, ಮಳೆ ನಿಂತ ಕೆಸರಿನಲ್ಲಿ, ಯಾರ ಕಾಲಿಗೆ ತಾಗಿತೋ ಯಾರಿಗೂ ಗೊತ್ತಾಗದ ಗೋಲು. ದೊಡ್ಡಪ್ಪ ಮನೆಗೆ ಓಡಿದರು, ನಾಲ್ಕೂ ಮಗ್ಗ ನಿಂತವು. ಹೊಸಿಲಿನ ಮೇಲೆ ಕೂತು, ದೊಡ್ಡಮ್ಮ ತಂದ ಕಾಫಿ ಹಿಡಿದು, ಬರಿಗಾಲನ್ನು ನೆಲಕ್ಕೆ ಒತ್ತಿ ಕಣ್ಣು ಮುಚ್ಚಿದರು. ಮಗ್ಗ ಓಡುವಾಗ ಆ ಮನೆಯ ನೆಲ ಸಣ್ಣಗೆ ನಡುಗುತ್ತಿತ್ತು. ಕಿವಿ ಹೋದವರಿಗೆ ಆ ನಡುಕವೇ ಮಗ್ಗದ ಸದ್ದು.

"ನೋಡು, ನೆಲ ತಣ್ಗಾಯ್ತು," ಎಂದರು.

"ನೆಲ ತಣ್ಗಾದ್ರೆ ಒಲೇನೂ ತಣ್ಗಾಗುತ್ತೆ," ಎಂದು ದೊಡ್ಡಮ್ಮ ಗೊಣಗಿದರು. ಆದರೆ ತಾವಾಗಿ ಸ್ವಿಚ್ ಹಾಕಲಿಲ್ಲ. ಅಷ್ಟು ನೆಮ್ಮದಿಯಾಗಿ ಕೂತ ಮನುಷ್ಯನನ್ನು ನಾನು ಆಮೇಲೆ ಎಲ್ಲೂ ನೋಡಿಲ್ಲ.

ನನ್ನ ಕೊನೆಯ ವರ್ಷ ಅವರಿಗೆ ಕೆಮ್ಮು ಶುರುವಾಯಿತು. ನೂಲಿನ ಧೂಳು ಕುಡಿದ ಬೀದಿಯಲ್ಲಿ ಕೆಮ್ಮು ದೊಡ್ಡ ವಿಷಯವಲ್ಲ ಎಂದು ಯಾರೂ ಗಮನಿಸಲಿಲ್ಲ. ಆಸ್ಪತ್ರೆಗೆ ಹೋಗುವ ಹೊತ್ತಿಗೆ ಶ್ವಾಸಕೋಶ ಕೈಬಿಟ್ಟಿತ್ತು. ಇನ್ನು ಇಲ್ಲಿಟ್ಟುಕೊಂಡು ಪ್ರಯೋಜನವಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದರು ಡಾಕ್ಟರು. ಅದರ ಅರ್ಥ ಬೀದಿಗೆಲ್ಲ ಗೊತ್ತಿತ್ತು. ಶೆಡ್ಡಿನ ಪಕ್ಕದ ಕೋಣೆಯಲ್ಲೇ ಮಂಚ ಹಾಕಿದರು, ನೆಲ ನಡುಗದಿದ್ದರೆ ಅವರಿಗೆ ನಿದ್ದೆ ಬರುತ್ತಿರಲಿಲ್ಲ. ಮೂಗಿಗೆ ಆಕ್ಸಿಜನ್ ಕೊಳವೆ. ದೊಡ್ಡಮ್ಮ ಮತ್ತು ಒಬ್ಬ ಕೂಲಿಯವನು ಮಗ್ಗ ನಡೆಸಿದರು.

ಅದೇ ಸಮಯಕ್ಕೆ ಕಾಲೇಜಿನವರು ಮೈದಾನದಲ್ಲಿ ಹೊಸ ಕಟ್ಟಡ ಬರುತ್ತದೆ ಎಂದರು. ಮೈದಾನವಿಲ್ಲದ ಮೇಲೆ ಟೀಮೇಕೆ? ಇನ್ನೊಂದು ಮ್ಯಾಚ್ ಬಾಕಿ ಇತ್ತು, ಅಷ್ಟೆ. ನಾನು ಇದನ್ನು ದೊಡ್ಡಪ್ಪನಿಗೆ ಹೇಳಬಾರದೆಂದುಕೊಂಡಿದ್ದೆ. ಪೀಟಿ ಮೇಷ್ಟ್ರು ನೋಡಲು ಬಂದವರು ಹೇಳಿಬಿಟ್ಟರು.

ದೊಡ್ಡಪ್ಪ ನನ್ನ ಕೈ ಹಿಡಿದು, "ಇದೊಂದ್ ಗೆದ್ಬಿಡ್ಲಿ ಕಣವ್ವ. ನೆಲ ಒಂದ್ ಸಲ ತಣ್ಗಾಗ್ಲಿ," ಎಂದರು. ದೇವರನ್ನು ಕೇಳುವ ಧಾಟಿಯಲ್ಲಲ್ಲ, ಅಂಗಡಿಯಲ್ಲಿ ಕೊಸರು ಕೇಳುವ ಧಾಟಿಯಲ್ಲಿ. ನನಗೆ ಅಳು ಬಂತು, ಅವರ ಮುಂದೆಯೇ ಅತ್ತೆ.

ಮ್ಯಾಚಿನ ದಿನ ನಾನೊಬ್ಬಳೇ ಗೋಡೆಯ ಹತ್ತಿರ ನಿಂತೆ. ಮೊದಲ ಗೋಲು ನಮ್ಮದೇ. ಹೊಡೆದ ಹುಡುಗ ಅಭ್ಯಾಸಬಲದಿಂದ ಗೋಡೆಯ ಕಡೆ ಓಡಿಬಂದು ಕೈ ಎತ್ತಿದ. ಅಲ್ಲಿ ಅವರಿಲ್ಲದ್ದು ನೆನಪಾಗಿ, ಎತ್ತಿದ ಕೈಯನ್ನು ನನ್ನ ಕಡೆಗೇ ಎಳೆದು ತೋರಿಸಿ ಹೋದ. ಆಗಲೇ ಓಡಿಹೋಗಿ ಹೇಳಿಬಿಡಬೇಕೆನಿಸಿತು. ಹೋಗದೆ ನಿಂತೆ. ಆಮೇಲೆ ಬೆಂಗಳೂರಿನವರು ಒಂದಾದ ಮೇಲೊಂದು ಮೂರು ಹೊಡೆದರು. ನಮ್ಮ ಕೀಪರ್ ಕೊನೆಯ ಗೋಲಾದ ಮೇಲೆ ಬಲೆಯೊಳಗೇ ಕೂತುಬಿಟ್ಟ, ಯಾರೂ ಹೋಗಿ ಎಬ್ಬಿಸಲಿಲ್ಲ. ಅದು ನಮ್ಮ ಟೀಮಿನ ಕೊನೆಯ ಆಟ.

ಕಾಲೆಳೆಯುತ್ತ ಮನೆಗೆ ಬಂದೆ. ದೊಡ್ಡಮ್ಮ ಬಾಗಿಲಲ್ಲೇ ಕಾಯುತ್ತಿದ್ದರು. ನನ್ನ ಮುಖ ನೋಡಿದರು, ಕೇಳಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಸೀದಾ ಶೆಡ್ಡಿಗೆ ಹೋದರು. ನಾಲ್ಕೂ ಮಗ್ಗ ನಿಂತವು.

"ದೊಡ್ಡಮ್ಮ, ಸೋತ್ವು," ಎಂದೆ.

"ಗೊತ್ತಾಯ್ತು. ನೀನ್ ಸುಮ್ನೆ ಬಾ," ಎಂದು ನನ್ನ ಮುಂಗೈ ಹಿಡಿದು ಕೋಣೆಯೊಳಗೆ ಕರೆದೊಯ್ದರು.

ದೊಡ್ಡಪ್ಪ ಆಗಲೇ ಎದ್ದು ಕೂತಿದ್ದರು. ಮಂಚದಿಂದ ಕಾಲು ಇಳಿಬಿಟ್ಟು ಪಾದವನ್ನು ನೆಲಕ್ಕೆ ಒತ್ತಿದ್ದರು. ದೊಡ್ಡಮ್ಮ ಅವರ ಮುಂದೆ ನಿಂತು, ಕೈ ಮೇಲೆತ್ತಿ, ಸ್ವಿಚ್ ಎಳೆದಂತೆ ಸನ್ನೆ ಮಾಡಿದರು. ಅಷ್ಟು ವರ್ಷ ಗೊಣಗುತ್ತಲೇ ಇದ್ದ ಆಕೆ ಆ ಸನ್ನೆ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ದೊಡ್ಡಪ್ಪ ನನ್ನ ಕಡೆ ತಿರುಗಿ, ಎಷ್ಟು ಎಂದು ಬೆರಳಲ್ಲಿ ಕೇಳಿದರು. ಎರಡು, ಒಂದು ಎಂದು ತೋರಿಸಿದೆ. ಕೊಳವೆಯ ಹಿಂದೆ ಮುಖವೆಲ್ಲ ನಗುವಾಯಿತು.

ನಮಗಿಬ್ಬರಿಗೂ ಹೊಳೆಯದೆ ಹೋದದ್ದು ಒಂದಿತ್ತು. ಸಾಯುವ ಮನುಷ್ಯ ಇರುವ ಮನೆಯ ಮಗ್ಗ ನಿಂತರೆ ಬೀದಿ ಏನೆಂದುಕೊಳ್ಳುತ್ತದೆ?

ಪಕ್ಕದ ಮನೆಯ ಮಗ್ಗ ನಿಂತಿತು. ಅದರಾಚೆಯದು ನಿಂತಿತು. ದೊಡ್ಡಮ್ಮ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಸದ್ದು ಒಂದೊಂದಾಗಿ ಕಳಚುತ್ತ ಬೀದಿಯ ಕೊನೆಯವರೆಗೆ ಹೋಯಿತು, ಆಮೇಲೆ ಕಾಗೆ ಕೂಗುವುದೂ ಕೇಳಿಸಿತು. ನಾನು ಬಾಗಿಲಿಗೆ ಓಡಿದೆ. ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ಬರುತ್ತಿದ್ದರು. ಪಕ್ಕದ ಮನೆಯವರು ಬಾಗಿಲ ಮುಂದೆ ಹೊಗೆ ಹಾಕಲು ಸೌದೆಯನ್ನೂ ಕಂಕುಳಲ್ಲಿ ಹಿಡಿದು ಬಂದಿದ್ದರು.

"ಎಷ್ಟೊತ್ತಾಯ್ತವ್ವ?" ಎಂದು ಮೆಲ್ಲಗೆ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಆ ದೊಡ್ಡ ಗಂಟಲು, ಉಬ್ಬಸದ ನಡುವೆಯೂ, "ಯಾರ್ಲಾ ಅದು? ಒಳಗ್ ಬನ್ರೋ," ಎಂದಿತು.

ಪಕ್ಕದ ಮನೆಯವರು ಸೌದೆಯನ್ನು ಬಾಗಿಲ ಹಿಂದೆ ಇಟ್ಟರು. ಎಲ್ಲರೂ ಒಳಗೆ ಬಂದರು. ದೊಡ್ಡಪ್ಪ ಗೋಡೆಗೆ ಅಂಗೈ ಇಟ್ಟು, "ಪಕ್ಕದ್ದೂ ನಿಂತೈತೆ. ಇಡೀ ಬೀದಿನೇ ನಿಲ್ಸಿದೀರಾ?" ಎಂದರು. ಅವರ ಕಣ್ಣಲ್ಲಿ ನೀರು. ಆ ಬೀದಿ ಒಂದು ಗೆಲುವಿಗೆಂದು ಯಾವತ್ತೂ ನಿಂತಿರಲಿಲ್ಲ, ಅವರೊಬ್ಬರ ಹುಚ್ಚಿಗೆ ನಗುತ್ತಿತ್ತು ಅಷ್ಟೆ. ಬಂದವರಿಗೆ ಒಂದು ಕ್ಷಣ ತಿಳಿಯಲಿಲ್ಲ. ದೊಡ್ಡಮ್ಮ ಮತ್ತೆ ಕೈ ಎತ್ತಿ ಸನ್ನೆ ಮಾಡಿದರು. ಪಕ್ಕದ ಮನೆಯವರು ಮುಂದೆ ಬಂದು ದೊಡ್ಡಪ್ಪನ ಕೈ ಹಿಡಿದು, ತುಟಿ ಕಾಣುವಂತೆ ಬಿಡಿಸಿ ಬಿಡಿಸಿ, "ಗೆದ್ವು ಕಣಣ್ಣ," ಎಂದರು. ಹಿಂದಿನಿಂದ ಒಬ್ಬೊಬ್ಬರೇ ಬಂದು ಕೈ ಮುಟ್ಟಿ ಹೋದರು. ಸಾವಿಗೆ ಬಂದವರು ಬದುಕಿರುವವರ ಕೈ ಕುಲುಕುತ್ತಿದ್ದರು. ಕತ್ತಲಾಗುವವರೆಗೆ ಬೀದಿಯಲ್ಲಿ ಒಂದು ಮಗ್ಗವೂ ಓಡಲಿಲ್ಲ.

ಹುಟ್ಟಿದಾಗಿನಿಂದ ಆ ನೆಲದ ನಡುಕದಲ್ಲೇ ಬೆಳೆದವರಿಗೆ, ಒಂದೊಂದಾಗಿ ನಿಂತ ಮಗ್ಗದ ಅರ್ಥ ತಿಳಿಯಲಿಲ್ಲವೇ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಅವರು ನಂಬಿದರು ಎಂದೇ ನನಗನಿಸುತ್ತದೆ. ಸೋಲುವ ಟೀಮನ್ನು ಅಷ್ಟು ವರ್ಷ ನಂಬಿದವರಿಗೆ ಇದು ಹೆಚ್ಚಲ್ಲ.

ಅವರು ಹೋದದ್ದು ಆಮೇಲಿನ ವಾರ, ಹಾಡುಹಗಲಲ್ಲಿ. ಆ ದಿನ ಕೂಲಿಯವನು ಬಂದಿರಲಿಲ್ಲ. ದೊಡ್ಡಮ್ಮ ಶೆಡ್ಡಿಗೆ ಹೋಗಿ ಸ್ವಿಚ್ ಎಳೆದು, ಬಂದು ಅವರ ತಲೆಯ ಹತ್ತಿರ ಕೂತರು, ಬೀದಿಯವರಿಗಾಗಿ ಕಾದರು. ಪಕ್ಕದ ಮನೆಯ ಮಗ್ಗ ನಿಲ್ಲಲಿಲ್ಲ. ಅದರಾಚೆಯದೂ ನಿಲ್ಲಲಿಲ್ಲ. ಬದುಕಿರುವವರ ಮನೆಗೆ ಸೌದೆ ಹೊತ್ತು ಹೋದ ನಾಚಿಕೆ ಎಲ್ಲರಲ್ಲೂ ಇತ್ತು, ಇನ್ನೊಮ್ಮೆ ಹಾಗಾಗುವುದು ಯಾರಿಗೂ ಬೇಕಿರಲಿಲ್ಲ. ನನ್ನಮ್ಮ ಕೂಡ ಸೊಪ್ಪು ಬಿಡಿಸುತ್ತಿದ್ದವಳು ತಲೆಯೆತ್ತಿ, "ಮತ್ತೆ ಏನೋ ಮ್ಯಾಚಿರ್ಬೇಕು," ಎಂದಳು. ಟೀಮೇ ಇಲ್ಲ ಎಂದು ಅವಳಿಗೆ ಗೊತ್ತಿರಲಿಲ್ಲ. ನಾನು ಕಾಲೇಜಿನಲ್ಲಿದ್ದೆ.

ಇಡೀ ಬೀದಿ ಖಟಖಟ ಬಡಿಯುತ್ತಿರುವಾಗ ದೊಡ್ಡಮ್ಮ ಹೆಣದ ಮುಂದೆ ಒಬ್ಬರೇ ಕೂತಿದ್ದರು. ಎಷ್ಟು ಹೊತ್ತು ಎಂದು ಆಕೆ ಯಾರಿಗೂ ಹೇಳಲಿಲ್ಲ. ಕೊನೆಗೆ ತಾವೇ ಎದ್ದು ಪಕ್ಕದ ಮನೆಯ ಶೆಡ್ಡಿನ ಬಾಗಿಲಿಗೆ ಹೋದರು. ಆ ಸದ್ದಿನಲ್ಲಿ ಬಾಯಿಮಾತು ಕೇಳುವುದಿಲ್ಲ. ಕೈ ಎತ್ತಿದರೆ ಇನ್ನೊಂದು ಅರ್ಥವಾಗುತ್ತದೆ. ಸುಮ್ಮನೆ ಬಾಗಿಲಲ್ಲಿ ನಿಂತರಂತೆ, ಒಳಗಿನವರು ನೋಡುವವರೆಗೆ...

ಈಗ ಮೈದಾನದ ಮೇಲೆ ಕಟ್ಟಡವಿದೆ. ದೊಡ್ಡಮ್ಮನ ಮಗ್ಗಗಳು ಗುಜರಿಗೆ ಹೋದವು, ಶೆಡ್ಡಿನಲ್ಲಿ ನೀರಿನ ಕ್ಯಾನುಗಳ ಗೋದಾಮು. ನಾವು ಆ ಬೀದಿ ಬಿಟ್ಟು ದೇವನಹಳ್ಳಿಗೆ ಬಂದೆವು.

ಟೈಲರ್ ಅಂಗಡಿಯಲ್ಲಿ ನನ್ನ ರವಿಕೆಗೆ ಕೊನೆಯ ಹೊಲಿಗೆ ಬೀಳುತ್ತಿದ್ದಾಗ ಯಂತ್ರ ತಟ್ಟನೆ ನಿಂತಿತು. ಫ್ಯಾನೂ ನಿಂತಿತು. ಟೈಲರ್ ಕರೆಂಟಿನವರನ್ನು ಬೈಯುತ್ತ ಹೊರಗೆ ಹೋದಳು. ನಾನು ಚಪ್ಪಲಿಯಿಂದ ಕಾಲು ಹೊರಗೆ ತೆಗೆದು ನೆಲಕ್ಕೆ ಒತ್ತಿದೆ, ಪಕ್ಕದ್ದೂ ನಿಂತಿದೆಯೇ ಎಂದು ನೋಡಲು. ಪಕ್ಕದಲ್ಲಿದ್ದದ್ದು ಮೊಬೈಲ್ ಅಂಗಡಿ. ನೆಲ ಮೊದಲಿನಿಂದಲೂ ತಣ್ಣಗೇ ಇತ್ತು.