ಗಡ್ಡೆ ಕಟ್ಟುವ ಬುತ್ತಿ

ನಾನು ದಾವಣಗೆರೆಯಲ್ಲಿ ಓದುವಾಗ ಅವ್ವ ದಿನಾ ಹರಿಹರದಿಂದ ಬಸ್ಸಿನಲ್ಲಿ ರೊಟ್ಟಿಬುತ್ತಿ ಕಳಿಸುತ್ತಿದ್ದಳು. ಈಗ ಅದೇ ದಾವಣಗೆರೆಯ ಆಸ್ಪತ್ರೆಯಲ್ಲಿದ್ದಾಳೆ. ಎದೆಯ ಕ್ಯಾನ್ಸರ್ ಶ್ವಾಸಕೋಶಕ್ಕೂ ಹಬ್ಬಿದೆ. ಹೇಗೆ ಹಬ್ಬಿತೆಂದು ಡಾಕ್ಟರನ್ನು ಅವಳೆದುರೇ ಕೇಳಿಬಿಟ್ಟೆ, ಕೇಳಬಾರದಿತ್ತು. ಗಡ್ಡೆಯು ಎಕ್ಸೋಸೋಮ್ ಎಂಬ ಕಣ್ಣಿಗೆ ಕಾಣದ ಚೀಲಗಳನ್ನು ರಕ್ತದಲ್ಲಿ ಮೊದಲೇ ಕಳಿಸಿ, ತಾನು ನೆಲೆಯೂರಲು ಜಾಗ ಹದಮಾಡಿಕೊಳ್ಳುತ್ತದೆ ಎಂದರು ಡಾಕ್ಟರು.

“ಬುತ್ತಿ ಕಳಿಸಿದಂಗೇನ್ರಿ?” ಎಂದಳು ಅವ್ವ. ಡಾಕ್ಟರು ಹೌದೆಂದು ತಲೆಯಾಡಿಸಿದರು.

ಅಂದಿನಿಂದ ಅವಳು ಊಟ ಬಿಟ್ಟಿದ್ದಾಳೆ. “ನಾ ಉಂಡ್ರೆ ತಾನೆ ಅದು ಬುತ್ತಿ ಕಟ್ಟೋದು” ಅನ್ನುತ್ತಾಳೆ. ಹಾಗಲ್ಲವೆಂದು ಡಾಕ್ಟರು ತಿಳಿಹೇಳಿದರು. ನಾನು ಬೈದೆ, ಕಾಲು ಹಿಡಿದೆ. ದಿನಾ ಹರಿಹರದಿಂದ ರೊಟ್ಟಿ ಕಟ್ಟಿಕೊಂಡು ಬರುತ್ತೇನೆ. ಸಂಜೆ ಮರಳುವ ಬಸ್ಸಿನಲ್ಲಿ ಅದೇ ಬುತ್ತಿ ನನ್ನ ತೊಡೆಯ ಮೇಲಿರುತ್ತದೆ, ಹಾಕಿದ ಗಂಟು ಹಾಕಿದ ಹಾಗೇ.