ಕೊಯ್ಯದೆ ಬಿಟ್ಟ ಹಿಡಿ ಹುಲ್ಲು

ಇನ್ನೂ ನಸುಕು. ಕಾಲುವೆಯ ದಂಡೆಯಲ್ಲಿ ಕುಡುಗೋಲಿನ ಸದ್ದು ಮಾತ್ರ ಕೇಳುತ್ತಿದೆ. ಅರವತ್ತೊಂದು ದಾಟಿದ ಕೂಲಿಯವರೊಬ್ಬರು ನಾಲ್ಕು ಹೆಜ್ಜೆ ಹುಲ್ಲು ಸವರುತ್ತಾರೆ, ತುಟಿಯಲ್ಲೇ ಏನೋ ಗುನುಗುತ್ತಾರೆ, ಒಂದು ಹಿಡಿಯಷ್ಟನ್ನು ಕೊಯ್ಯದೆ ಬಿಟ್ಟು ಮುಂದೆ ಸರಿಯುತ್ತಾರೆ. ಆ ಹಿಡಿ ಹುಲ್ಲು, ಮನಸ್ಸಲ್ಲೇ ಕಟ್ಟಿದ ಪದ್ಯದ ಒಂದು ಸಾಲಿನ ಗುರುತು. ಇವರ ಪದ್ಯ ಕೇಳಲೆಂದು ಬಂದ ನಾನು, ಎಲ್ಲಿ ತುಳಿದುಬಿಡುತ್ತೇನೋ ಎಂದು ಅಳುಕುತ್ತಲೇ ಹಿಂಬಾಲಿಸುತ್ತೇನೆ.

ದಿನಕ್ಕೆ ಇನ್ನೂರು ಮೀಟರ್ ದಂಡೆ, ಮೂವತ್ತೆಂಟು ವರ್ಷಗಳಿಂದ. ಪೆನ್ನು ಹಿಡಿಯಲು ಕೈಗೆ ಬಿಡುವಿಲ್ಲ. ಮಧ್ಯಾಹ್ನ ಬುತ್ತಿ ತರುವ ಮಗಳೊಂದಿಗೆ ಮೊದಲಿನಿಂದ ನಡೆದು ಬರುತ್ತಾರೆ. ಹಾಗೆ ಬಿಟ್ಟ ಒಂದೊಂದು ಕುಚ್ಚಿನ ಮುಂದೆ ನಿಂತು ಒಂದೊಂದು ಸಾಲು ಹೇಳುತ್ತಾರೆ. ಅವಳು ಬರೆದುಕೊಂಡ ಮೇಲೆ ಕುಚ್ಚನ್ನು ಕೊಯ್ಯುತ್ತಾರೆ.

"ಒಂದ್ಸಲ ನನ್ನ ಜೊತೆಗಾರ, ಇವನಿಗೆ ಕಣ್ಣು ಮಂಜಾಯ್ತು ಪಾಪ ಅಂತ, ಬಿಟ್ಟಿದ್ದನ್ನೆಲ್ಲ ಸವರಿ ಮನೆಗೆ ಹೊತ್ಕೊಂಡು ಹೋದ. ಹದಿನಾಲ್ಕು ಸಾಲು! ಆವತ್ತು ಅವನ ಹಸು ಬಹಳ ಗಂಭೀರವಾಗಿ ಮೆಲುಕು ಹಾಕ್ತಿತ್ತು ಕಣಮ್ಮ," ಎಂದು ನನ್ನತ್ತ ತಿರುಗಿ ನಗುತ್ತಾರೆ.

ಇವರ ಪದ್ಯಗಳಲ್ಲಿ ನೀರುಹಕ್ಕಿಯಿದೆ, ನೀಲಿ ಹೂವಿದೆ. ನಡುನೋವೂ ಮೇಸ್ತ್ರಿಯ ಶಿಳ್ಳೆಯೂ ಇವೆ. ಪಟ್ಟಣದ ಪ್ರಕಾಶಕರೊಬ್ಬರ ಪತ್ರ ಬಂದು ವಾರವಾಗಿದೆ. ಹೂವು, ಹಕ್ಕಿ ಸೊಗಸಾಗಿವೆಯಂತೆ. ಕೂಲಿಯ ಸಾಲುಗಳನ್ನು ತೆಗೆದರೆ ಪುಸ್ತಕ ಅಚ್ಚಾಗುತ್ತದಂತೆ. ಇವತ್ತೇ ಉತ್ತರ ಹೋಗಬೇಕು. ತಮ್ಮದೊಂದು ಪುಸ್ತಕವನ್ನು ಕೈಯಲ್ಲಿ ಹಿಡಿಯಬೇಕೆಂಬುದು ಇವರ ಬಹುಕಾಲದ ಆಸೆ.

"ಹೂಂ ಅಂದ್ಬಿಡಪ್ಪ. ಕಣ್ಮುಂದೆ ಪುಸ್ತಕ ಬರ್ಲಿ," ಎನ್ನುತ್ತಾಳೆ ಮಧ್ಯಾಹ್ನ ಬುತ್ತಿ ತಂದ ಮಗಳು.

ಅವರು ಕುಕ್ಕರುಗಾಲಲ್ಲಿ ಕೂತು ಹುಲ್ಲು ಸರಿಸುತ್ತಾರೆ. ಬುಡದಲ್ಲಿ ನೀಲಿ ಹೂವು, ಕಿರುಬೆರಳ ಉಗುರಿಗಿಂತ ಚಿಕ್ಕದು. ನಿಂತೇ ಇದ್ದ ನನಗೆ ಕಂಡಿರಲಿಲ್ಲ.

"ಉತ್ತರ ಬರ್ಕೋ ಮಗಳೇ. ಸ್ವಾಮಿ, ನೀವು ಓದಿದ್ದೇ ದೊಡ್ಡ ಉಪಕಾರ. ಆದ್ರೆ ಈ ಹೂ ನಂಗೆ ಕಂಡಿದ್ದು ಕೂಲಿಗೆ ಬಗ್ಗಿದ್ದಕ್ಕೆ. ನಡುನೋವು ತೆಗೆದ್ರೆ ಹೂವೂ ನಂದಲ್ಲ. ಇದ್ದಂಗೇ ಹಾಕೋದಾದ್ರೆ ಹಾಕಿ."

ಮಗಳು ಒಂದು ಗಳಿಗೆ ಅಪ್ಪನನ್ನೇ ನೋಡುತ್ತಾಳೆ. ಆಮೇಲೆ ಒಂದಕ್ಷರ ಬಿಡದೆ ಬರೆಯುತ್ತಾಳೆ.

ಹಾಗಾದರೆ ಇನ್ನೇನು ಆಸೆ ಎಂದು ಕೇಳುತ್ತೇನೆ.

"ಮೇಸ್ತ್ರಿ ಒಳ್ಳೆಯವ್ರು, ಮಧ್ಯಾಹ್ನದವರೆಗೆ ಕುಚ್ಚು ಇರ್ಲಿ ಅಂದಿದಾರೆ. ಸಂಜೆವರೆಗೂ ಇರೋಕೆ ಬಿಟ್ರೆ, ಇನ್ನೊಂಚೂರು ಉದ್ದದ ಪದ್ಯ ಕಟ್ಬೋದು."

ಎದ್ದು ನಡು ನೀವಿಕೊಳ್ಳುತ್ತಾರೆ. ಹೂವಿಗೆ ತಾಗದಂತೆ ಬದಿಗೆ ಸರಿದು, ಮುಂದಿನ ಹುಲ್ಲಿಗೆ ಕುಡುಗೋಲು ಹಾಕುತ್ತಾರೆ.